ಕೆಂಪು ದೀಪ ಹೊತ್ತಿಕೊಳ್ಳುವಷ್ಟರಲ್ಲಿ

ದಕ್ಷಿಣ ಕೊರಿಯಾದಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಎಂದರೆ ಇಡೀ ದೇಶವೇ ಉಸಿರು ಬಿಗಿಹಿಡಿಯುವ ದಿನ. ಆಲಿಸುವ ಪರೀಕ್ಷೆ ನಡೆಯುವಾಗ ವಿಮಾನಗಳು ಏರುವುದೂ ಇಳಿಯುವುದೂ ಇಲ್ಲ. 2017ರಲ್ಲಿ ಅಂಥ ಪರೀಕ್ಷೆಯನ್ನೇ ಒಂದು ವಾರ ಮುಂದಕ್ಕೆ ಹಾಕಬೇಕಾಯಿತು. ಪರೀಕ್ಷೆಯ ಹಿಂದಿನ ದಿನ, ನವೆಂಬರ್ 15ರ ಮಧ್ಯಾಹ್ನ, ಬಂದರು ನಗರ ಪೊಹಾಂಗ್‌ನಲ್ಲಿ 5.4 ಪ್ರಮಾಣದ ಭೂಕಂಪವಾಗಿತ್ತು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸಾವಿರಕ್ಕೂ ಹೆಚ್ಚು ಮಂದಿ ಮನೆ ಬಿಟ್ಟು ಆಶ್ರಯತಾಣ ಸೇರಿದರು.

ಇದು ಪ್ರಕೃತಿಯ ಮುನಿಸಲ್ಲ ಎಂದು ಹೇಳಿದ್ದು ಸರ್ಕಾರವೇ ನೇಮಿಸಿದ ತನಿಖಾ ತಂಡ. 2019ರ ಮಾರ್ಚ್‌ನಲ್ಲಿ ಬಂದ ವರದಿಯ ಪ್ರಕಾರ, ನಗರದ ಅಂಚಿನಲ್ಲಿದ್ದ ಭೂಶಾಖ ವಿದ್ಯುತ್ ಯೋಜನೆಗಾಗಿ ನಾಲ್ಕು ಕಿಲೋಮೀಟರಿಗೂ ಆಳದ ಬಾವಿಗಳಿಗೆ ಒತ್ತಡದಲ್ಲಿ ತುಂಬಿದ ನೀರು, ಅಲ್ಲಿಯವರೆಗೆ ಯಾರೂ ಗುರುತಿಸದ ಒಂದು ಸ್ತರಭಂಗವನ್ನು ಜಾರಿಸಿತ್ತು.

ಇದರ ಹಿಂದಿನ ತತ್ವ ಕಠಿಣವೇನಲ್ಲ. ಆಳದ ಬಂಡೆ ಬಿಸಿಯಾಗಿರುತ್ತದೆ, ಆದರೆ ಅದರೊಳಗೆ ನೀರು ಹರಿಯಲು ಜಾಗವಿರುವುದಿಲ್ಲ. ನೀರನ್ನು ಬಲವಾಗಿ ನುಗ್ಗಿಸಿ ಬಿರುಕುಗಳನ್ನು ತೆರೆದರೆ, ಒಂದು ಬಾವಿಯಲ್ಲಿ ಇಳಿದ ತಣ್ಣೀರು ಇನ್ನೊಂದರಲ್ಲಿ ಬಿಸಿಯಾಗಿ ಮೇಲೆ ಬರುತ್ತದೆ. ಬಿರುಕಿನ ಎರಡು ಬದಿಗಳನ್ನು ಒತ್ತಿ ಹಿಡಿದಿರುವ ಹಿಡಿತವನ್ನು ಇದೇ ನೀರು ಸಡಿಲಿಸುತ್ತದೆ. ಆಗ ಸಣ್ಣ ಕಂಪನಗಳಾಗುವುದು ಸಹಜ. ಅವಿಲ್ಲದೆ ದಾರಿಯೇ ತೆರೆಯುವುದಿಲ್ಲ. ಆದರೆ ಪಕ್ಕದಲ್ಲೇ ಶತಮಾನಗಳ ಬಿಗಿತ ಹೊತ್ತು ಮಲಗಿದ ದೊಡ್ಡ ಸ್ತರಭಂಗವಿದ್ದರೆ, ಅದಕ್ಕೆ ಬೇಕಾದದ್ದು ಒಂದು ಸಣ್ಣ ನೂಕು ಮಾತ್ರ.

ಇಂಥ ಯೋಜನೆಗಳ ಕಾವಲುಗಾರ ಎಂದರೆ 'ಟ್ರಾಫಿಕ್ ಲೈಟ್' ಪದ್ಧತಿ. ಕಂಪನ ಒಂದು ಮಿತಿಯೊಳಗಿದ್ದರೆ ಹಸಿರು, ಮಿತಿ ಮುಟ್ಟಿದರೆ ಹಳದಿ, ದಾಟಿದರೆ ಕೆಂಪು, ಪಂಪ್ ಬಂದ್. ಹೆಸರು ಚೆನ್ನಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ಚೌಕದಲ್ಲಿ ಕೆಂಪು ದೀಪ ಬಿದ್ದರೆ ಗಾಡಿ ನಿಲ್ಲುತ್ತದೆ. ಭೂಮಿಯೊಳಗಿನ ಒತ್ತಡವಾದರೋ ಖಂಡಾಲಾ ಘಾಟಿ ಇಳಿಯುವ, ಭಾರ ತುಂಬಿದ ಲಾರಿಯಂತೆ. ಬ್ರೇಕ್ ಒತ್ತಿದ ಮೇಲೂ ಅದು ಮುಂದೆ ಹೋಗುತ್ತದೆ, ಎಷ್ಟು ದೂರ ಎಂಬುದು ಇಳಿಜಾರಿನ ಮೇಲೆ ನಿಂತಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದು 2006ರಲ್ಲೇ ಗೊತ್ತಾಗಿತ್ತು. ಐದು ಕಿಲೋಮೀಟರ್ ಆಳಕ್ಕೆ ಆರು ದಿನ ನೀರು ತುಂಬಿದ ಮೇಲೆ ಕಂಪನಗಳು ಏರತೊಡಗಿದವು. ನಿಯಮದಂತೆ ಪಂಪ್ ನಿಲ್ಲಿಸಿದರು. ಕೆಲವೇ ಗಂಟೆಗಳ ನಂತರ, ಡಿಸೆಂಬರ್ 8ರಂದು, 3.4 ಪ್ರಮಾಣದ ಕಂಪನ ನಗರವನ್ನು ಅಲುಗಿಸಿತು. ಮುಂದಿನ ಎರಡು ತಿಂಗಳಲ್ಲಿ ಮೂರನ್ನು ಮೀರಿದ ಇನ್ನೂ ಮೂರು ಕಂಪನಗಳಾದವು. 1356ರ ಮಹಾ ಭೂಕಂಪದಲ್ಲಿ ನೆಲಸಮವಾದ ನೆನಪು ಹೊತ್ತ ಊರು ಅದು. ಯೋಜನೆ 2009ರಲ್ಲಿ ಮುಚ್ಚಿತು. ಪೊಹಾಂಗ್‌ನಲ್ಲಂತೂ ಕೊನೆಯ ಬಾರಿ ನೀರು ತುಂಬಿ ಸುಮಾರು ಎರಡು ತಿಂಗಳಾದ ಮೇಲೆ ದೊಡ್ಡ ಕಂಪನ ಬಂತು. ಪ್ರಮಾಣದಲ್ಲಿ ಎರಡು ಅಂಕಿ ಹೆಚ್ಚು ಎಂದರೆ ಶಕ್ತಿಯಲ್ಲಿ ಸುಮಾರು ಸಾವಿರ ಪಟ್ಟು.

ಪೊಹಾಂಗ್‌ನಲ್ಲಿ ಸೂಚನೆಗಳು ಇರಲಿಲ್ಲವೆಂದಲ್ಲ. ಒಂದು ಬಾವಿ ಕೊರೆಯುವಾಗ ಸುಮಾರು 3.8 ಕಿ.ಮೀ. ಆಳದಲ್ಲಿ ಕೊರೆಯುವ ಕೆಸರುದ್ರವ ದೊಡ್ಡ ಪ್ರಮಾಣದಲ್ಲಿ ಬಂಡೆಯೊಳಗೆ ಸೋರಿಹೋಗಿತ್ತು. ಅಲ್ಲಿ ಒಡೆದ ವಲಯವಿದೆ ಎಂಬ ಸುಳಿವು ಅದು. 2017ರ ಏಪ್ರಿಲ್‌ನಲ್ಲಿ 3.2ರ ಕಂಪನವಾಯಿತು. ಆಗಸ್ಟ್‌ನಲ್ಲಿ ಮತ್ತೆ ನೀರು ತುಂಬತೊಡಗಿದರು. ದೀಪ ಬಣ್ಣ ಬದಲಿಸಿತ್ತು, ಲೆಕ್ಕ ಮಾತ್ರ ಬದಲಾಗಲಿಲ್ಲ.

ಇಲ್ಲಿ ಭಾಷೆಯ ತೊಡಕೂ ಒಂದಿದೆ. ತಜ್ಞರು ಹಜಾರ್ಡ್, ರಿಸ್ಕ್ ಎಂದು ಬೇರ್ಪಡಿಸುವುದನ್ನು ಕನ್ನಡ 'ಅಪಾಯ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತದೆ. ನೆಲ ಎಷ್ಟು ನಡುಗೀತು ಎಂಬುದು ಮೊದಲನೆಯದು. ಆ ನೆಲದ ಮೇಲೆ ಯಾರಿದ್ದಾರೆ, ಅವರ ಗೋಡೆ ಎಷ್ಟು ಗಟ್ಟಿ, ಕಳೆದುಕೊಳ್ಳುವುದು ಏನು ಎಂಬುದು ಎರಡನೆಯದು. ಬರಡು ಬಯಲಿನಲ್ಲಿ ಸುದ್ದಿಯೇ ಆಗದ ಕಂಪನ ಹಳೆಯ ಇಟ್ಟಿಗೆ ಮನೆಗಳ ಬೀದಿಯಲ್ಲಿ ಪ್ರಾಣಕ್ಕೆ ಬರುತ್ತದೆ. ಟ್ರಾಫಿಕ್ ಲೈಟ್ ಎಣಿಸುವುದು ಮೊದಲನೆಯದನ್ನು. ಜನ ಬದುಕುವುದು ಎರಡನೆಯದರಲ್ಲಿ. ಪೊಹಾಂಗ್ ತನಿಖೆಯಲ್ಲಿದ್ದ ವಿಜ್ಞಾನಿಗಳು ಆಮೇಲೆ ಒತ್ತಿ ಹೇಳಿದ್ದೂ ಇದನ್ನೇ: ಪ್ರತಿ ಹೊಸ ಕಂಪನದ ನಂತರ, ಇಲ್ಲಿ ಆಗಬಹುದಾದ ಅತಿ ಕೆಟ್ಟದ್ದು ಏನು ಎಂದು ಮತ್ತೆ ಲೆಕ್ಕ ಹಾಕಬೇಕು.

ಹಾಗೆಂದು ಭೂಶಾಖವೇ ಬೇಡ ಎನ್ನುವುದು ಸೋಮಾರಿ ತೀರ್ಮಾನ. ಮೋಡ ಕವಿದರೂ ಗಾಳಿ ನಿಂತರೂ ಹಗಲು ರಾತ್ರಿ ಸಿಗುವ ಶಾಖ ಅದು. ಕಲ್ಲಿದ್ದಲ ಹೊಗೆಯ ಸಾವುಗಳಿಗೆ ಕಂಪನಮಾಪಕವಿಲ್ಲ ಎಂಬ ಮಾತ್ರಕ್ಕೆ ಅವು ಸಾವುಗಳಲ್ಲದೆ ಹೋಗುವುದಿಲ್ಲ. ಎಚ್ಚರದಿಂದ ಕೆಲಸ ಮಾಡಬಹುದು ಎಂಬುದಕ್ಕೆ ಫಿನ್ಲೆಂಡಿನ ಹೆಲ್ಸಿಂಕಿ ಬಳಿಯ ಯೋಜನೆ ಸಾಕ್ಷಿ. 2018ರಲ್ಲಿ ಅಲ್ಲಿ ಆರು ಕಿಲೋಮೀಟರ್ ಆಳಕ್ಕೆ 49 ದಿನ ನೀರು ತುಂಬಿದರು. ಪ್ರತಿ ಕಂಪನವನ್ನೂ ಆಗಿಂದಾಗಲೇ ಅಳೆದು ಒತ್ತಡ ಇಳಿಸಿದರು, ನಡುನಡುವೆ ವಿರಾಮ ಕೊಟ್ಟರು. ಅತಿ ದೊಡ್ಡ ಕಂಪನ 1.9, ನಿಗದಿಯಾಗಿದ್ದ ಮಿತಿ 2.1. ಆದರೂ ಅದು ಅಲ್ಲಿನ ಬಂಡೆ ಒಪ್ಪಿದ ಮಾತು. ಎಲ್ಲ ಊರಿಗೂ ಅದೇ ಸೂತ್ರ ಹೊಂದುತ್ತದೆ ಎನ್ನಲಾಗದು.

ಪುಣೆ, ಮುಂಬೈಗಳಲ್ಲಿರುವ ಕನ್ನಡಿಗರಿಗೆ ಈ ಪಾಠ ದೂರದ್ದೂ ಅಲ್ಲ. ಮುಂದೆ ಕರ್ನಾಟಕಕ್ಕೆ ಹರಿದುಬರುವ ಕೃಷ್ಣೆಗೆ ಕರಾಡದಲ್ಲಿ ಸೇರುವ ಕೊಯ್ನಾ ನದಿಗೆ ಕಟ್ಟಿದ ಜಲಾಶಯದ ಬಳಿ 1967ರ ಡಿಸೆಂಬರ್ 11ರ ನಸುಕಿನಲ್ಲಿ ಆರನ್ನು ಮೀರಿದ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಪಂಪ್ ಇರಲಿಲ್ಲ, ಕೆರೆಯಂತೆ ನಿಂತ ನೀರಷ್ಟೇ ಇತ್ತು. ಲಡಾಖಿನ ಪುಗಾ ಕಣಿವೆಯಲ್ಲಿ ಭೂಶಾಖಕ್ಕಾಗಿ ಬಾವಿ ಕೊರೆಯಲಾಗಿದೆ. ಅಲ್ಲಿ ಬಿಸಿನೀರು ತಾನಾಗಿಯೇ ಚಿಮ್ಮುತ್ತದೆ, ಬಂಡೆ ಒಡೆಯುವ ಅಗತ್ಯ ಕಡಿಮೆ. ಪೊಹಾಂಗ್‌ಗೆ ಹೋಲಿಸಿ ಹೆದರಿಸುವುದು ನ್ಯಾಯವಲ್ಲ. ಆದರೆ ನಿಯಮ ಬರೆಯಬೇಕಾದದ್ದು ಬಾವಿಗಳು ಕಡಿಮೆ ಇರುವ ಇಂಥ ಕಾಲದಲ್ಲೇ.

ಆ ನಿಯಮದಲ್ಲಿ ಮೂರು ಮಾತು ಇರಲೇಬೇಕು. ನಿಲ್ಲಿಸುವ ಅಧಿಕಾರ ನಿಲ್ಲಿಸಿದರೆ ಹಣ ಕಳೆದುಕೊಳ್ಳುವವರ ಕೈಯಲ್ಲಿ ಇರಬಾರದು. ಕಂಪನದ ದಾಖಲೆ ಅದೇ ದಿನ, ಅಲ್ಲಿನವರ ಭಾಷೆಯಲ್ಲಿ, ಎಲ್ಲರಿಗೂ ಸಿಗಬೇಕು. ಗೋಡೆ ಬಿರುಕುಬಿಟ್ಟರೆ ಅದು ತನ್ನಿಂದಲ್ಲ ಎಂದು ಸಾಬೀತುಪಡಿಸುವ ಹೊಣೆ ಕಂಪನಿಯದಾಗಬೇಕು, ಮನೆಯವರದಲ್ಲ. ಪೊಹಾಂಗ್‌ನ ಮಕ್ಕಳು ಒಂದು ವಾರ ತಡವಾಗಿ ಪರೀಕ್ಷೆ ಬರೆದರು. ಏಪ್ರಿಲ್‌ನ ಕಂಪನವನ್ನು ಯಾರಾದರೂ ಸರಿಯಾಗಿ ಓದಿದ್ದರೆ ಆ ವಾರ ಅವರ ಪಾಲಿಗೆ ಬರುತ್ತಲೇ ಇರಲಿಲ್ಲವೇನೋ.