ಬೀಗ ಬೀಳುವ ಮೊದಲು ಪಟ್ಟಿಯಾಗಲಿ

ಕುಕನೂರಿನ ಕಮಲ್ ಮಹಲ್ ನೋಡಬೇಕೆಂದರೆ ಕೊಪ್ಪಳ ಜಿಲ್ಲೆಯವರು ಘಟ್ಟ ಇಳಿದು ಮಣಿಪಾಲಕ್ಕೆ ಹೋಗಬೇಕು. ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ವಿಜಯನಾಥ ಶೆಣೈ ಅವರು ಕೆಡವಲು ತಯಾರಾಗಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ ಕಟ್ಟಿದ ಹೆರಿಟೇಜ್ ವಿಲೇಜಿನಲ್ಲಿ ಅದು ನಿಂತಿದೆ. ಅದರ ಕಾಲವನ್ನು ಅಲ್ಲಿ 1341 ಎಂದು ಗುರುತಿಸಿದ್ದಾರೆ. 2017ರಲ್ಲಿ ತೀರಿಹೋದ ಶೆಣೈ ಅವರ ಋಣ ಕನ್ನಡಿಗರ ಮೇಲೆ ದೊಡ್ಡದು. ಅವರು ಕೈಹಾಕದೆ ಇದ್ದಿದ್ದರೆ ಇಂಥ ಎಷ್ಟೋ ಮನೆಗಳ ಕಂಬ, ತೊಲೆಗಳು ಸೌದೆ ಅಡ್ಡೆ ಸೇರುತ್ತಿದ್ದವು. ಆದರೂ ಒಂದು ಪ್ರಶ್ನೆ ಬಾಕಿ ಇದೆ. ಖಾಸಗಿ ಟ್ರಸ್ಟ್ ನಡೆಸಿದರೂ ಸರ್ಕಾರ ನಡೆಸಿದರೂ ಯಾವ ಮ್ಯೂಸಿಯಂ ಕೂಡ ಶಾಶ್ವತವಲ್ಲ. ಇಂಥ ಮನೆಗೆ ಬೀಗ ಬಿದ್ದ ದಿನ, ಅದು ಎಲ್ಲಿಂದ ಬಂತು, ಯಾರು ಅಲ್ಲಿ ಬಾಳಿದ್ದರು ಎಂಬುದನ್ನು ಹೇಳುವವರು ಯಾರು? ಮನೆಯನ್ನು ಉಳಿಸಲು ಹಣ ಬೇಕು, ಜಾಗ ಬೇಕು. ಮನೆಯ ದಾಖಲೆ ಉಳಿಸಲು ಅದರ ಸಣ್ಣ ಪಾಲು ಸಾಕು. ಆ ಸಣ್ಣ ಪಾಲನ್ನೂ ನಾವು ಬಾಗಿಲು ಮುಚ್ಚುವ ಮೊದಲೇ ತೆಗೆದಿಡುತ್ತಿಲ್ಲ ಎಂಬುದೇ ನನ್ನ ದೂರು.

ಬೀಗ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಜಯಲಕ್ಷ್ಮಿ ವಿಲಾಸ ಕಣ್ಣೆದುರಿನ ಉದಾಹರಣೆ. ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕುಕ್ಕರಹಳ್ಳಿ ಕೆರೆಯ ಪಕ್ಕದ ದಿಬ್ಬದ ಮೇಲೆ ಕಟ್ಟಿದ ಬಂಗಲೆ ಅದು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಪಾಲಿಗೆ ಬಂದು, 1960ರ ದಶಕದ ಕೊನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯವಾಯಿತು. ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥವರು ಊರೂರು ಅಲೆದು ಕೂಡಿಹಾಕಿದ ಮುಖವಾಡ, ತೊಗಲುಗೊಂಬೆ, ನೇಗಿಲು, ದೀಪಗಳು ಸಾವಿರಗಟ್ಟಲೆ ಅಲ್ಲಿ ಸೇರಿದವು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಒಮ್ಮೆ ದುರಸ್ತಿಯೂ ಆಯಿತು. ಆಮೇಲೆ ಕಟ್ಟಡ ಮತ್ತೆ ಶಿಥಿಲವಾಗಿ ಜನರಿಗೆ ಬಾಗಿಲು ಮುಚ್ಚಿತು. ಈಗ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ಹಣದಿಂದ ಒಂದು ಭಾಗದ ದುರಸ್ತಿಗೆ ಕೈಹಾಕಲಾಗಿದೆ. ಒಳ್ಳೆಯದೇ. ಆದರೆ ಬಾಗಿಲು ಮುಚ್ಚಿದ ಕಾಲದಲ್ಲಿ ಓದು ಮುಗಿಸಿ ಹೊರಬಿದ್ದ ವಿದ್ಯಾರ್ಥಿಗಳ ಪಾಲಿಗೆ ಆ ಸಂಗ್ರಹ ಇದ್ದೂ ಇಲ್ಲದಂತೆ. ಇಟ್ಟಿಗೆ, ಗಾರೆಯನ್ನು ಯಾವಾಗ ಬೇಕಾದರೂ ಕೂಡಿಸಬಹುದು. ಒಂದು ವಸ್ತುವಿಗೂ ಅದು ಹುಟ್ಟಿದ ಊರಿಗೂ ಇದ್ದ ನಂಟು ಕಡಿದರೆ ಮತ್ತೆ ಕೂಡಿಸಲು ಯಾವ ನಿಧಿಯಿಂದಲೂ ಆಗದು.

ತೊಗಲುಗೊಂಬೆಯನ್ನೇ ನೋಡಿ. ಹದಮಾಡಿದ ಆಡಿನ ಚರ್ಮ, ಬೆಳಕು ಹಾಯುವಷ್ಟು ತೆಳು, ಅದರ ಮೇಲೆ ಬಣ್ಣ, ಅಂಚಿಗೆ ಉಳಿಯಿಂದ ಕೊರೆದ ತೂತುಗಳು. ರಾಜ, ದೇವರ ಗೊಂಬೆ ದೊಡ್ಡದು, ಆಳುಕಾಳಿನದು ಚಿಕ್ಕದು. ಅಳತೆಯಲ್ಲೇ ಒಂದು ಸಮಾಜದ ಲೆಕ್ಕಾಚಾರವಿದೆ. ಯಾವ ಊರಿನ ಯಾವ ಮನೆತನ ಇದನ್ನು ಆಡಿಸುತ್ತಿತ್ತು, ಯಾವ ಪ್ರಸಂಗಕ್ಕೆ, ಯಾವ ಹಾಡಿಗೆ ಎಂಬುದು ಗೊತ್ತಿದ್ದರೆ ಅದು ಪಾತ್ರ. ಗೊತ್ತಿಲ್ಲದಿದ್ದರೆ ಬಣ್ಣದ ಚರ್ಮ, ಅಷ್ಟೇ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಒಂದು ಗೊಂಬೆಯನ್ನು ಮುಂದೆ ಹಿಡಿದರೆ ಅದರ ಪೂರ್ತಿ ಕಥೆ ಹೇಳಬಲ್ಲ ಅಂಥ ಹಿರಿಯರು ಇನ್ನೆಷ್ಟು ಮಂದಿ ಇದ್ದಾರೆ? ಮ್ಯೂಸಿಯಂ ಮುಂದೆಂದೋ ಮತ್ತೆ ತೆರೆಯಬಹುದು. ಅವರು ಅಲ್ಲಿಯವರೆಗೆ ಕಾಯಲಾರರು.

ಕಾನೂನಿನ ಆಸರೆಯೂ ಇಲ್ಲಿ ಸಿಗುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು ಎನಿಸಿಕೊಳ್ಳಲು ವಸ್ತುವಿಗೆ ನೂರು ವರ್ಷ, ಹಸ್ತಪ್ರತಿಗೆ ಎಪ್ಪತ್ತೈದು ವರ್ಷ ಆಗಿರಬೇಕು. ಅರವತ್ತು ವರ್ಷದ ಕೂರಿಗೆ, ಅಜ್ಜಿಯ ಕಾಲದ ಬೀಸುಕಲ್ಲು, ದುರ್ಗಮುರಗಿಯ ಪೆಟ್ಟಿಗೆ ಇವುಗಳನ್ನು ನೋಂದಾಯಿಸಲೇಬೇಕೆಂಬ ನಿಯಮವಿಲ್ಲ. ಮನೆಯೇ ಮ್ಯೂಸಿಯಂ ಆಗಿರುವ ಕಡೆ ಇಂಥ ವಸ್ತುಗಳೇ ಹೆಚ್ಚು. ಮುಚ್ಚಿದ ಮೇಲೆ ಅವು ಎಲ್ಲಿ ಹೋದವು ಎಂದು ಕೇಳುವವರೂ ಇರುವುದಿಲ್ಲ.

ಗಂಗಾವತಿಯಾಚೆ ಸಿದ್ದಾಪುರ, ಕಾರಟಗಿ ಕಡೆಯವರಿಗೆ ಇದು ದೂರದ ಮಾತಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಜೋಳದ ಸೀಮೆ ಭತ್ತದ ಸೀಮೆಯಾಯಿತು. ನೆಲದಡಿ ಜೋಳ ತುಂಬುತ್ತಿದ್ದ ಹಗೇವಿಗೆ ಕೆಲಸ ತಪ್ಪಿತು, ರೈಸ್ ಮಿಲ್ಲುಗಳು ಬಂದವು, ಮಣ್ಣಿನ ಮಾಳಿಗೆಯ ಜಾಗಕ್ಕೆ ಆರ್‌ಸಿಸಿ ಬಂತು. ಹಗೇವಿನ ಬಾಯಿ ಎಷ್ಟು ಅಗಲವಿರಬೇಕು, ಒಳಗೆ ಹುಲ್ಲು ಹೇಗೆ ಹಾಸಬೇಕು, ತೆರೆದ ಮೇಲೆ ಕೆಟ್ಟ ಗಾಳಿ ಹೋಗುವ ತನಕ ಏಕೆ ಇಳಿಯಬಾರದು ಎಂಬ ತಿಳಿವಳಿಕೆ ಆ ಮನೆಗಳ ಜೊತೆಗೇ ಹೋಗುತ್ತಿದೆ. ಈ ಭಾಗದಲ್ಲಿ ಯಾವುದಾದರೂ ವಾಡೆಯನ್ನು ನಾಳೆ ಮ್ಯೂಸಿಯಂ ಮಾಡಿದರೂ, ಇನ್ನು ಇಪ್ಪತ್ತು ವರ್ಷಕ್ಕೆ ಮುಚ್ಚಿದರೂ, ಇಂಥದನ್ನು ಬರೆದಿಟ್ಟವರಿಂದ ಮಾತ್ರ ಅದರ ಅರ್ಥ ಉಳಿದೀತು.

ವಾಡೆಗಳ ನೆನಪು ಯಾಕೆ ಬೇಕು, ಅವು ಗೌಡ, ದೇಸಾಯಿಗಳ ದರ್ಬಾರಿನ ಗುರುತಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪ ನ್ಯಾಯವಾದದ್ದು, ಇದನ್ನು ತಳ್ಳಿಹಾಕಬಾರದು. ಆ ಅಂಗಳದಾಚೆ ನಿಂತು ಬೊಗಸೆಯಲ್ಲಿ ನೀರು ಕುಡಿದವರ ಮೊಮ್ಮಕ್ಕಳು ಇಂದು ಅದೇ ಊರಲ್ಲಿದ್ದಾರೆ. ಕೆಡವಿದ ವಾಡೆ ಆ ಅನ್ಯಾಯದ ಸಾಕ್ಷಿಯನ್ನೂ ಜೊತೆಗೇ ಕೆಡವುತ್ತದೆ. ಜೀತಕ್ಕಿದ್ದವರು ಯಾವ ಬಾಗಿಲಿನಿಂದ ಬರುತ್ತಿದ್ದರು, ಎಲ್ಲಿ ಉಣ್ಣುತ್ತಿದ್ದರು, ಕೂಲಿಯನ್ನು ಎಲ್ಲಿ ಅಳೆದು ಹಾಕುತ್ತಿದ್ದರು ಎಂಬುದು ಮನೆಯ ನಕ್ಷೆಯಲ್ಲಿ ಬರಬೇಕು, ಅವರ ಮನೆಯವರ ಬಾಯಿಂದಲೇ ಬರಬೇಕು. ತೆರೆದ ಮ್ಯೂಸಿಯಮ್ಮುಗಳು ಮೆರುಗೆಣ್ಣೆ ಹಚ್ಚಿದ ಕಂಬ ತೋರಿಸಿ ಇದನ್ನು ಮರೆಸುವುದುಂಟು. ಸರಿಯಾದ ದಾಖಲೆ ಆ ಕೊರತೆಯನ್ನೂ ತುಂಬೀತು.

ಇನ್ನೊಂದು ಆಕ್ಷೇಪವೂ ಗಟ್ಟಿಯಾದದ್ದೇ: ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿಬಿಟ್ಟರೆ ಸರ್ಕಾರಕ್ಕೆ ಕಟ್ಟಡ ಕೈಬಿಡಲು ನೆಪ ಸಿಕ್ಕಂತಾಗುವುದಿಲ್ಲವೇ? ಅನುಭವ ಬೇರೆಯೇ ಹೇಳುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಕೆಡವಲು 2011ರಲ್ಲಿ ಶುರು ಮಾಡಿದಾಗ ಅದು ನಿಂತದ್ದು, ಆ ಮನೆ ಏನೆಂದು ಬಲ್ಲ ಜನ ದನಿ ಎತ್ತಿದ್ದರಿಂದ. 2016ರಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಗೊತ್ತಿರುವ ಮನೆಗಾಗಿ ಜನ ಜಗಳವಾಡುತ್ತಾರೆ, ಗೊತ್ತಿಲ್ಲದ ಮನೆ ಸದ್ದಿಲ್ಲದೆ ಬೀಳುತ್ತದೆ. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಕೆಲಸವಿಲ್ಲದ ವಾಸ್ತುಶಿಲ್ಪಿಗಳನ್ನು ಹಳೆಯ ಕಟ್ಟಡಗಳ ಅಳತೆ, ನಕ್ಷೆ, ಫೋಟೊ ತೆಗೆಯಲು ಹಚ್ಚಿದರು. ಆ ಪೈಕಿ ಹಲವು ಕಟ್ಟಡಗಳು ಈಗಿಲ್ಲ, ನಕ್ಷೆಗಳು ಮಾತ್ರ ಅಲ್ಲಿನ ಕಾಂಗ್ರೆಸ್ ಗ್ರಂಥಾಲಯದಲ್ಲಿ ಯಾರು ಬೇಕಾದರೂ ನೋಡುವಂತಿವೆ. ನಮ್ಮಲ್ಲೂ ಪುಣೆಯ ಸಿ-ಡ್ಯಾಕ್ ರೂಪಿಸಿದ ‘ಜತನ್’ ತಂತ್ರಾಂಶದಲ್ಲಿ ಕೇಂದ್ರದ ದೊಡ್ಡ ಮ್ಯೂಸಿಯಮ್ಮುಗಳ ವಸ್ತುಗಳು ದಾಖಲಾಗಿವೆ. ಸಾಧನ ಕೈಯಲ್ಲೇ ಇದೆ, ಅದು ಹಳ್ಳಿಯ ಕೂರಿಗೆಯ ತನಕ ಇಳಿದಿಲ್ಲ.

ಮೊದಲ ಕೆಲಸ ಜಯಲಕ್ಷ್ಮಿ ವಿಲಾಸದಿಂದಲೇ ಆಗಲಿ. ಪ್ರತಿ ವಸ್ತುವಿನ ಚಿತ್ರ, ಅಳತೆ, ಬಂದ ಊರು, ಕೊಟ್ಟ ಮನೆತನ ಇರುವ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಲಿ, ಊರಿನ ಹೆಸರು ಸಿಗದ ಕಡೆ ಜಾಗ ಖಾಲಿ ಬಿಟ್ಟು ಓದುಗರನ್ನೇ ಕೇಳಲಿ. ಕೊಪ್ಪಳ ಸೀಮೆಯ ಪಾಲನ್ನು ಹೊಳೆಯಾಚೆಯ ಹಂಪಿ ಕನ್ನಡ ವಿಶ್ವವಿದ್ಯಾಲಯ ವಹಿಸಿಕೊಳ್ಳಬಹುದು. ಗೊಂಬೆಗಳ ಚಿತ್ರ ಹಿಡಿದು ಮೋರನಾಳಕ್ಕೆ ಹೋಗಿ ಹಿರಿಯರ ಮಾತನ್ನು ಧ್ವನಿಮುದ್ರಿಸಲು ಎರಡು ಮೂರು ಸಂಶೋಧನಾ ವಿದ್ಯಾರ್ಥಿಗಳು ಸಾಕು. ಕಮಲ್ ಮಹಲಿನ ಅಳತೆಯ ನಕ್ಷೆಯ ಒಂದು ಪ್ರತಿ ಕುಕನೂರಿಗೆ ಬರಲಿ. ಈ ಎಲ್ಲದರ ಪ್ರತಿಗಳು ಸಿದ್ದಾಪುರದಂಥ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲೇ ಇರಲಿ. ಮತ್ತು ಇನ್ನು ಮುಂದೆ ಯಾವುದೇ ಮನೆಯನ್ನು ಮ್ಯೂಸಿಯಂ ಮಾಡಲು ಸರ್ಕಾರ ದುಡ್ಡು ಕೊಡುವಾಗ, ಇಂಥದೊಂದು ಪಟ್ಟಿ ಹೊರಗೆ ಎರಡು ಕಡೆಯಾದರೂ ಇರಬೇಕೆಂಬ ಷರತ್ತನ್ನು ಆದೇಶದಲ್ಲೇ ಬರೆಯಲಿ.