ಹಾಲುಹಲ್ಲು ಹೇಳಿದ ಸಾಕ್ಷಿ

1998ರ ಮಾತು. ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಕ್ಕದವನ ತೊಡೆಗೆ ಕೈವಾರ ಚುಚ್ಚುವುದು, ಕಿಟಕಿಯ ಗಾಜಿಗೆ ಕಲ್ಲು ಬೀಸುವುದು, ಕೇಳಿದರೆ ದುರುಗುಟ್ಟಿ ನೋಡುವುದು – ದಿನಕ್ಕೊಂದು ರಗಳೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಸ್ಟಾಫ್ ರೂಮಿನಲ್ಲಿ ತೀರ್ಪು ಕೊಟ್ಟೆವು. ಬೆತ್ತ ಹಿಡಿದವರಲ್ಲಿ ನಾನೂ ಒಬ್ಬ. ದೀಪಾವಳಿ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ.

ಅವನ ಮನೆಯ ಹಿತ್ತಿಲಲ್ಲಿ ಹಳೆಯ ಲಾರಿ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಬಾಣಲೆಯಲ್ಲಿ ಕರಗಿಸುತ್ತಿದ್ದರು. ಅದನ್ನು ಕಣ್ಣಾರೆ ಕಂಡಿದ್ದೆ. ಸೀಸದ ಪರಮಾಣು ಸಂಖ್ಯೆ 82 ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನೂ ನಾನೇ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಜೋಡಿಸಿ ನೋಡಿದವರು ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್. ರಕ್ತಕ್ಕೆ ಸೇರಿದ ಸೀಸ ಕ್ರಮೇಣ ಮೂಳೆ, ಹಲ್ಲುಗಳಿಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಕೂತುಬಿಡುತ್ತದೆ. ಅದಕ್ಕೇ ಅವರು ಬಾಸ್ಟನ್ ಬಳಿಯ ಎರಡು ಊರುಗಳ ಮಕ್ಕಳ ಬಿದ್ದುಹೋದ ಹಾಲುಹಲ್ಲುಗಳನ್ನೇ ಸಂಗ್ರಹಿಸಿದರು. ಯಾವ ಹಲ್ಲಿನಲ್ಲಿ ಎಷ್ಟು ಸೀಸವಿದೆ ಎಂಬುದು ಗೊತ್ತಿಲ್ಲದ ಶಿಕ್ಷಕರನ್ನು ಮಕ್ಕಳ ನಡವಳಿಕೆಯ ಬಗ್ಗೆ ಕೇಳಿದರು. ಸೀಸ ಹೆಚ್ಚಿದಂತೆ ‘ಗಮನವಿಲ್ಲ, ಹೇಳಿದ್ದು ಕೇಳುವುದಿಲ್ಲ, ದುಡುಕು’ ಎಂಬ ದೂರುಗಳೂ ಹೆಚ್ಚಿದ್ದವು. ಇದು 1979ರಲ್ಲಿ. 1996ರಲ್ಲಿ ಪಿಟ್ಸ್‌ಬರ್ಗಿನ 301 ಹುಡುಗರ ಮೊಣಕಾಲ ಕೆಳಗಿನ ಮೂಳೆಯ ಸೀಸವನ್ನು ಎಕ್ಸ್-ರೇ ವಿಧಾನದಿಂದ ಅಳೆದರು. ಹೆಚ್ಚು ಸೀಸವಿದ್ದವರಲ್ಲಿ ಹೊಡೆದಾಟ, ಪುಂಡಾಟಿಕೆಯೂ ಹೆಚ್ಚು. ನಾನು ಬೆತ್ತ ಎತ್ತುವುದಕ್ಕೆ ಎರಡು ವರ್ಷ ಮೊದಲೇ ಇದು ಅಚ್ಚಾಗಿತ್ತು!

ಸೀಸದ ಕಿತಾಪತಿ ಏನೆಂದರೆ, ದೇಹದೊಳಗೆ ಅದು ಕ್ಯಾಲ್ಸಿಯಂನ ವೇಷ ಹಾಕುತ್ತದೆ. ನರಕೋಶಗಳು ಒಂದರೊಡನೊಂದು ಮಾತಾಡಲು ಕ್ಯಾಲ್ಸಿಯಂ ಬೇಕು. ಆ ಜಾಗದಲ್ಲಿ ಇದು ನುಸುಳಿ ಸಂದೇಶ ಕೆಡಿಸುತ್ತದೆ. ‘ತಡಿ, ಹೊಡೆಯಬೇಡ’ ಎಂದು ನಮ್ಮನ್ನು ಹಿಡಿದು ನಿಲ್ಲಿಸುವುದು ಹಣೆಯ ಹಿಂದಿನ ಮೆದುಳು. ಅದು ಬೆಳೆಯುವ ವಯಸ್ಸಿನಲ್ಲೇ ಪೆಟ್ಟು ಬೀಳುತ್ತದೆ. ದೊಡ್ಡವರಿಗಿಂತ ಮಕ್ಕಳ ಕರುಳು ಸೀಸವನ್ನು ಹಲವು ಪಟ್ಟು ಹೀರುತ್ತದೆ. ಹೊಟ್ಟೆಗಿಲ್ಲದೆ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಾದ ಮಗುವಿನದು ಇನ್ನೂ ಹೆಚ್ಚು. ಬಡವರ ಮಗುವಿಗೆ ಎರಡು ಕಡೆಯ ಏಟು.

ಪೆಟ್ರೋಲಿನ ಸೀಸ ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಕೊನೆಯದಾಗಿ ಅಲ್ಜೀರಿಯಾದಲ್ಲಿ, 2021ರಲ್ಲಿ. ಮನೆಗೆ ಬಳಿಯುವ ಪೇಂಟಿಗೂ 2017ರಿಂದ ಮಿತಿ ಬಂದಿದೆ. ಹಿತ್ತಿಲ ಬಾಣಲೆಗಳು ಮಾತ್ರ ಇನ್ನೂ ಪೂರ್ತಿ ಆರಿಲ್ಲ.

ಹಾಗೆಂದು ತಂಟೆ ಮಾಡುವ ಪ್ರತಿ ಹುಡುಗನಿಗೂ ಸೀಸ ಏರಿದೆ ಎಂದು ಹೊರಟರೆ ಅದು ಇನ್ನೊಂದು ಮೂಢನಂಬಿಕೆ. ಮನೆಯ ಜಗಳ, ಹಸಿವು, ಅಪ್ಪನ ಕುಡಿತ – ಕಾರಣಗಳು ಹತ್ತಾರು. ಆ ಹುಡುಗನ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ. ಸೀಸವೇ ಕಾರಣ ಎನ್ನಲು ನನ್ನಲ್ಲಿ ಪುರಾವೆಯಿಲ್ಲ. ಅಲ್ಲ ಎನ್ನಲೂ ಇಲ್ಲ.

ಬ್ಯಾಟರಿ ಕೆಲಸದವರು ಮನೆಯೊಳಗೆ ಬರುವ ಮುನ್ನ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು, ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ದೂಳು ಮಗುವಿನ ಬಾಯಿ ಸೇರುವುದು ಹಾಗೆಯೇ. ಅನುಮಾನವಿದ್ದರೆ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಈಗ ತರಗತಿಯಲ್ಲಿ ಅಂಥವನೊಬ್ಬ ಕಂಡರೆ ನಾನು ಮೊದಲು ಕೇಳುವುದು, ‘ನಿಮ್ಮಪ್ಪ ಏನು ಕೆಲಸ ಮಾಡ್ತಾರೋ ಮರಿ?’ ಎಂದು.