ಪದ ಬಿಡಿಸೋಣ: 45 ಅಕ್ಷರಗಳ ಒಂದು ಪದ



ಈ ಸಲ ಒಂದೇ ಪದ. ಆದರೆ ಉಸಿರು ಬಿಗಿಹಿಡಿದು ಓದಬೇಕು: ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವೋಲ್ಕೇನೊಕೋನಿಯೋಸಿಸ್. ಇಂಗ್ಲಿಷಿನಲ್ಲಿ ಬರೆದರೆ 45 ಅಕ್ಷರ. ಮಕ್ಕಳು ಶಾಲೆಯಿಂದ ಇದನ್ನು ಹೊತ್ತು ತಂದು ‘ಹೇಳಿ ನೋಡೋಣ’ ಎಂದು ಸವಾಲು ಹಾಕಿದರೆ ಹೆದರಬೇಡಿ. ಸಂಧಿ ಬಿಡಿಸಿ ಬೆಳೆದವರು ನಾವು!

ಮೊದಲು ನಾಲಿಗೆಗಾಗಿ ಬಿಡಿಸೋಣ: ನ್ಯು-ಮೊ-ನೊ, ಅಲ್-ಟ್ರಾ, ಮೈ-ಕ್ರೊ-ಸ್ಕೋ-ಪಿಕ್, ಸಿ-ಲಿ-ಕೊ, ವೋಲ್-ಕೇ-ನೊ, ಕೋ-ನಿ-ಯೋ-ಸಿಸ್. ಒಟ್ಟು 19 ಉಚ್ಚಾರಾಂಶಗಳು. ಮೊದಲಿನ ‘ಪಿ’ ಬರವಣಿಗೆಯಲ್ಲಿದೆ, ಬಾಯಲ್ಲಿಲ್ಲ.

ಇನ್ನು ಅರ್ಥಕ್ಕಾಗಿ. ‘ನ್ಯುಮೊನೊ’ ಗ್ರೀಕ್ ಮೂಲದ್ದು, ಶ್ವಾಸಕೋಶ ಎಂದರ್ಥ. ನಮಗೆ ಗೊತ್ತಿರುವ ನ್ಯುಮೋನಿಯಾದಲ್ಲೂ ಅದೇ ಇದೆ. ‘ಅಲ್ಟ್ರಾ’ ಎಂದರೆ ಮೀರಿದ್ದು, ‘ಮೈಕ್ರೊಸ್ಕೋಪಿಕ್’ ಎಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ‘ಸಿಲಿಕೊ’ ಕಲ್ಲು ಮರಳುಗಳಲ್ಲಿರುವ ಸಿಲಿಕಾ, ‘ವೋಲ್ಕೇನೊ’ ಜ್ವಾಲಾಮುಖಿ. ‘ಕೋನಿಸ್’ ಧೂಳು, ‘ಓಸಿಸ್’ ರೋಗಸ್ಥಿತಿ. ಗಮನಿಸಿ, ನಾಲಿಗೆ ‘ಸ್ಕೋ-ಪಿಕ್’ ಎಂದು ತುಂಡರಿಸಿದ್ದನ್ನು ಅರ್ಥ ‘ಸ್ಕೋಪ್-ಇಕ್’ ಎಂದು ತುಂಡರಿಸುತ್ತದೆ. ಉಚ್ಚಾರದ ಗೆರೆ ಬೇರೆ, ಅರ್ಥದ ಗೆರೆ ಬೇರೆ.

ಈ ಪದ ಹುಟ್ಟಿದ್ದು ತಮಾಷೆಗಾಗಿ. 1935ರಲ್ಲಿ ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗ್‌ನ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್ ಇದನ್ನು ಪೋಣಿಸಿದರು. ವೈದ್ಯರಿಗೆ 9 ಅಕ್ಷರಗಳ ‘ಸಿಲಿಕೋಸಿಸ್’ ಸಾಕು.

ಪದ ತಮಾಷೆಯದಾದರೂ ರೋಗ ತಮಾಷೆಯದಲ್ಲ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದ ಎಷ್ಟೋ ಕಾರ್ಮಿಕರ ಎದೆಯಲ್ಲಿ ಕೂತದ್ದು ಇದೇ ಕಲ್ಲಿನ ಧೂಳು. ಒಮ್ಮೆ ಶ್ವಾಸಕೋಶ ಗಾಯಗೊಂಡು ಗಡುಸಾದರೆ ಮೊದಲಿನಂತೆ ಮಾಡುವ ಮದ್ದಿಲ್ಲ.

ಗಣಿ ಮುಚ್ಚಿದರೂ ಧೂಳು ಮುಗಿದಿಲ್ಲ. ನಿಮ್ಮ ಕಟ್ಟಡದಲ್ಲೇ ಯಾರದೋ ಮನೆಯ ರಿಪೇರಿ ನಡೆದಾಗ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗ್ರಾನೈಟ್ ಕೊಯ್ಯುವ ಹುಡುಗನನ್ನು ನೋಡಿರುತ್ತೀರಿ. ಕರವಸ್ತ್ರ ಏಕೆ ಸಾಲದೆಂದು ಪದವೇ ಹೇಳುತ್ತದೆ: ‘ಅಲ್ಟ್ರಾಮೈಕ್ರೊಸ್ಕೋಪಿಕ್’. ಅಷ್ಟು ನವುರಾದ ಧೂಳು ಬಟ್ಟೆಯ ಎಳೆಗಳ ನಡುವೆ ನುಸುಳಿಬಿಡುತ್ತದೆ. ನೀರು ಹಾಯಿಸುತ್ತ ಕೊಯ್ದರೆ ಧೂಳೇಳುವುದು ಬಹಳ ಕಡಿಮೆ. ಜೊತೆಗೆ ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಗುತ್ತಿಗೆದಾರರಿಗೆ ಈ ಎರಡು ಮಾತು ಹೇಳಿದರೆ ನಾವು ಪದ ಬಿಡಿಸಿದ್ದು ಸಾರ್ಥಕ.

ಮುಂದಿನ ಸಂಚಿಕೆಗೆ: ‘ಓಟೊರೈನೊಲ್ಯಾರಿಂಗಾಲಜಿಸ್ಟ್’. ಬಿಡಿಸಿಟ್ಟಿರಿ. ಸುಳಿವು ಬೇಕೇ? ಕಿವಿ, ಮೂಗು, ಗಂಟಲು!